ತಟ್ಟೆ ಆಟಕ್ಕೂ ಒಂದು ಲೆಕ್ಕದ ಪುಸ್ತಕ

ಚೆನ್ನೈನಲ್ಲಿರುವ ನೀವು ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನ ಕಡೆ ವಾಕಿಂಗ್ ಹೋಗುವವರಾದರೆ, ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಸೇರಿಕೊಂಡು ಮರಳಿನ ಮೇಲೆ ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆದು, ಓಡಿ, ಹಾರಿ ಬಿದ್ದು ಹಿಡಿಯುವುದನ್ನು ನೋಡಿರಬಹುದು. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್, ದೆಹಲಿಯ ಮೈದಾನಗಳಿಗೂ ಈ ಆಟ ಬಂದಿದೆ. ಹೆಸರು ಅಲ್ಟಿಮೇಟ್. 'ಫ್ರಿಸ್ಬಿ' ಎನ್ನುವುದು ಅಮೆರಿಕದ ವ್ಯಾಮ್-ಓ ಕಂಪನಿ ನೋಂದಾಯಿಸಿಕೊಂಡ ಹೆಸರಾದ್ದರಿಂದ ಅಧಿಕೃತವಾಗಿ ಬರೀ ಅಲ್ಟಿಮೇಟ್ ಅಂತಲೇ ಕರೆಯುತ್ತಾರೆ. ನಾವು ನೀವು ಫ್ರಿಸ್ಬಿ ಅಂದರೆ ಯಾರೂ ಕೇಸು ಹಾಕುವುದಿಲ್ಲ ಬಿಡಿ!

ಈಗ ವಿಷಯಕ್ಕೆ ಬರೋಣ. ನಿಮ್ಮ ಮಗಳೋ, ತಮ್ಮನೋ, ಆಫೀಸಿನ ಪಕ್ಕದ ಸೀಟಿನ ಗೆಳೆಯನೋ ಇಂಥ ಒಂದು ತಂಡದಲ್ಲಿದ್ದಾರೆ ಎಂದುಕೊಳ್ಳಿ. ಟೂರ್ನಿ ಹತ್ತಿರ ಬಂದಿದೆ. ಅಭ್ಯಾಸಕ್ಕೆ ಬರುವವರು ಮೂವತ್ತು ಮಂದಿ, ರೈಲು ಹತ್ತಬೇಕಾದವರು ಇಪ್ಪತ್ತೇ ಮಂದಿ. ಯಾರನ್ನು ಬಿಡಬೇಕು? ಕ್ಯಾಪ್ಟನ್ ತನ್ನ ನೆನಪನ್ನು ಕೇಳುತ್ತಾನೆ. ನೆನಪಿಗೆ ಬರುವುದು ಗಾಳಿಯಲ್ಲಿ ಅಡ್ಡಡ್ಡ ಹಾರಿ ಹಿಡಿದ ಆ ಒಂದು ಗೋಲು, ಇಲ್ಲವೇ ಫೈನಲಿನಲ್ಲಿ ಕೈಜಾರಿದ ಆ ಒಂದು ತಟ್ಟೆ. ನಡುವೆ ಸದ್ದಿಲ್ಲದೆ ನಡೆದ ನೂರಾರು ಪಾಸುಗಳು ಯಾರಿಗೂ ನೆನಪಿರುವುದಿಲ್ಲ. ಹೀಗೆ ನೆನಪಿನ ಮೇಲೆ ಆರಿಸಿದಾಗ ಮನೆಯಲ್ಲಿ ಉಳಿಯುವವರು ಬಹುಪಾಲು ಆ ಸದ್ದಿಲ್ಲದವರೇ. ಅದಕ್ಕೇ ಈ ಆಟದಲ್ಲೂ ಕೆಲವರು ಪುಸ್ತಕ, ಪೆನ್ನು ಹಿಡಿದು ಗೆರೆಯಾಚೆ ಕೂರಲು ಶುರು ಮಾಡಿದರು. ಆ ಪುಸ್ತಕದಲ್ಲಿ ಏನು ಬರೆಯಬೇಕು, ಬರೆದದ್ದನ್ನು ಹೇಗೆ ಓದಬೇಕು ಎಂಬುದು ಈ ಸಲದ ಮಾತು.

ಆಟ ಗೊತ್ತಿಲ್ಲದವರಿಗೆ ನಿಯಮ ಚುಟುಕಾಗಿ ಹೇಳಿಬಿಡುತ್ತೇನೆ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಪಲ್‌ವುಡ್ ಊರಿನ ಕೊಲಂಬಿಯಾ ಹೈಸ್ಕೂಲಿನ ಹುಡುಗರು ಹುಟ್ಟುಹಾಕಿದ ಆಟ ಇದು. ಹುಲ್ಲಿನ ಮೈದಾನವಾದರೆ ಒಂದೊಂದು ಕಡೆ ಏಳು ಮಂದಿ, ಮರಳಿನ ಮೇಲಾದರೆ ಐದು ಮಂದಿ. ತಟ್ಟೆಯ ತೂಕ 175 ಗ್ರಾಂ. ಹುಲ್ಲಿನ ಮೈದಾನ 100 ಮೀಟರ್ ಉದ್ದ, 37 ಮೀಟರ್ ಅಗಲ. ಎರಡೂ ತುದಿಯಲ್ಲಿ 18 ಮೀಟರಿನ ಒಂದೊಂದು ಅಂಕಣ. ಎದುರಾಳಿಯ ಅಂಕಣದೊಳಗೆ ನಿಮ್ಮವರು ತಟ್ಟೆ ಹಿಡಿದರೆ ಒಂದು ಗೋಲು. ಸಾಮಾನ್ಯವಾಗಿ 15 ಗೋಲು ಮೊದಲು ಮುಟ್ಟಿದವರು ಗೆದ್ದಂತೆ. ಕೈಯಲ್ಲಿ ತಟ್ಟೆ ಇರುವಾಗ ಓಡುವಂತಿಲ್ಲ. ಎದುರು ನಿಂತವನು ಹತ್ತು ಎಣಿಸುವುದರೊಳಗೆ ಎಸೆದುಬಿಡಬೇಕು. ಎಸೆದದ್ದು ನೆಲಕ್ಕೆ ಬಿದ್ದರೆ, ಹೊರಗೆ ಹೋದರೆ ಅಥವಾ ಎದುರಾಳಿ ಹಿಡಿದರೆ ತಟ್ಟೆ ಅವರದ್ದಾಯಿತು. ಇದಕ್ಕೆ 'ಟರ್ನೋವರ್' ಎನ್ನುತ್ತಾರೆ. ಗೋಲು ಹೊಡೆದವರು ಮುಂದಿನ ಸರದಿಗೆ ತಟ್ಟೆಯನ್ನು ದೂರ ಎಸೆದು ಎದುರಾಳಿಗೆ ಒಪ್ಪಿಸಬೇಕು. ಇನ್ನೊಂದು ವಿಶೇಷವೆಂದರೆ ವಿಶ್ವ ಮಟ್ಟದ ಟೂರ್ನಿಯಲ್ಲೂ ರೆಫರಿ ಇರುವುದಿಲ್ಲ! ಫೌಲ್ ಆಯಿತೋ ಇಲ್ಲವೋ ಎಂಬುದನ್ನು ಆಟಗಾರರೇ ಮಾತಾಡಿ ತೀರ್ಮಾನಿಸುತ್ತಾರೆ.

ಈ ನಿಯಮಗಳಲ್ಲೇ ಲೆಕ್ಕದ ಮೊದಲ ಗುಟ್ಟು ಅಡಗಿದೆ. ಹತ್ತು ಪಾಸು ಮಾಡಿದರೆ ಒಂದು ಗೋಲು ಸಿಗುತ್ತದೆ ಎಂದುಕೊಳ್ಳಿ. ನಿಮ್ಮ ತಂಡದವರು ನೂರು ಪಾಸಿಗೆ 90 ಸರಿಯಾಗಿ ಮುಟ್ಟಿಸುತ್ತಾರೆ. ಕೇಳಲು ಚೆನ್ನಾಗಿದೆ, ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್! ಆದರೆ ಹತ್ತೂ ಪಾಸು ಒಂದರ ಹಿಂದೊಂದು ತಪ್ಪದೆ ಮುಟ್ಟುವ ಸಾಧ್ಯತೆ ಶೇಕಡಾ 35 ಮಾತ್ರ. 0.9ನ್ನು ಹತ್ತು ಸಲ ಗುಣಿಸಿ ನೋಡಿ. ಶೇಕಡಾ 95 ಆದರೆ ಈ ಸಾಧ್ಯತೆ 60ಕ್ಕೆ ಏರುತ್ತದೆ. ಶೇಕಡಾ 98 ಆದರೆ 82ರ ಹತ್ತಿರ. ಒಬ್ಬೊಬ್ಬರ ಕೈಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಸುಧಾರಣೆ, ಸ್ಕೋರ್ ಬೋರ್ಡಿನ ಮೇಲೆ ದೊಡ್ಡ ವ್ಯತ್ಯಾಸ. 'ಅಯ್ಯೋ, ಒಂದು ತಟ್ಟೆ ತಾನೇ ಬಿದ್ದದ್ದು' ಎನ್ನುವ ಹುಡುಗರಿಗೆ ಕೋಚ್ ಆದವರು ಮೊದಲು ತೋರಿಸಬೇಕಾದ ಲೆಕ್ಕ ಇದು.

ಆದ್ದರಿಂದ ವ್ಯಕ್ತಿಯ ಲೆಕ್ಕಕ್ಕೆ ಮುಂಚೆ ತಂಡದ ಲೆಕ್ಕ ಬರೆಯುವುದು ಒಳ್ಳೆಯದು. ಅದಕ್ಕೆ ಎರಡು ಪದ ಸಾಕು, 'ಹೋಲ್ಡ್' ಮತ್ತು 'ಬ್ರೇಕ್'. ಟೆನಿಸ್ ನೋಡುವವರಿಗೆ ಇದು ತಕ್ಷಣ ಹೊಳೆಯುತ್ತದೆ. ತಟ್ಟೆ ನಮ್ಮ ಕೈಗೆ ಬಂದು ಶುರುವಾದ ಸರದಿಯಲ್ಲಿ ನಾವೇ ಗೋಲು ಹೊಡೆದರೆ ಹೋಲ್ಡ್, ಅಂದರೆ ಸರ್ವಿಸ್ ಉಳಿಸಿಕೊಂಡ ಹಾಗೆ. ತಟ್ಟೆ ಎದುರಾಳಿಗೆ ಒಪ್ಪಿಸಿ ಶುರುವಾದ ಸರದಿಯಲ್ಲಿ ಅದನ್ನು ಕಸಿದುಕೊಂಡು ನಾವು ಗೋಲು ಹೊಡೆದರೆ ಬ್ರೇಕ್.

ಒಂದು ಕಲ್ಪಿತ ಪಂದ್ಯ ತೆಗೆದುಕೊಳ್ಳೋಣ. ನಿಮ್ಮ ತಂಡ 15–11ರಲ್ಲಿ ಗೆದ್ದಿತು. ಎಲ್ಲರೂ ಕುಣಿದು ಕುಪ್ಪಳಿಸಿ ಇಡ್ಲಿ ತಿನ್ನಲು ಹೊರಟರು. ಪುಸ್ತಕ ತೆರೆದರೆ ಹೀಗಿದೆ: ಒಟ್ಟು 26 ಸರದಿ. ತಟ್ಟೆ ನಿಮ್ಮ ಕೈಯಲ್ಲಿ ಶುರುವಾದದ್ದು 12 ಸಲ, ಅದರಲ್ಲಿ 9 ಗೋಲು. ಎದುರಾಳಿಯ ಕೈಯಲ್ಲಿ ಶುರುವಾದದ್ದು 14 ಸಲ, ಅದರಲ್ಲಿ ನೀವು 6 ಸಲ ಬ್ರೇಕ್ ಮಾಡಿದಿರಿ, ಅವರು 8 ಉಳಿಸಿಕೊಂಡರು. ನಿಮ್ಮ ಹೋಲ್ಡ್ ನಾಲ್ಕರಲ್ಲಿ ಮೂರು. ಅವರದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಗೋಲು ಹೊಡೆದು ಫೋಟೊ ತೆಗೆಸಿಕೊಂಡವರು ಯಾರೇ ಇರಲಿ, ಈ ಪಂದ್ಯ ಗೆದ್ದುಕೊಟ್ಟದ್ದು ತಟ್ಟೆ ಒಪ್ಪಿಸಿ ಬೆನ್ನಟ್ಟಿ ಓಡಿದ ಏಳು ಮಂದಿ. ಅದೇ 15–11 ಸ್ಕೋರು ಬೇರೆ ರೀತಿಯಲ್ಲೂ ಬರಬಹುದಿತ್ತು. ಸ್ಕೋರು ಮಾತ್ರ ನೋಡಿದವರಿಗೆ ಅದು ತಿಳಿಯುವ ಹಾಗಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ 14 ಸರದಿಗಳಲ್ಲಿ ಎಷ್ಟರಲ್ಲಿ ತಟ್ಟೆ ನಿಮ್ಮ ಕೈಗೆ ಬಂತು? ಹತ್ತರಲ್ಲಿ ಬಂದು ಆರು ಗೋಲಾಗಿದ್ದರೆ ಸಂತೋಷ. ಹತ್ತರಲ್ಲಿ ಬಂದೂ ಎರಡೇ ಗೋಲಾಗಿದ್ದರೆ? ಕೋಚ್ ಸಿಟ್ಟಿನಿಂದ ಮರುದಿನ ಎಲ್ಲರನ್ನೂ ಮೈದಾನದ ಸುತ್ತ ಓಡಿಸಿ ರಕ್ಷಣೆಯ ಅಭ್ಯಾಸ ಮಾಡಿಸುತ್ತಾರೆ. ಪಾಪ, ರಕ್ಷಣೆ ಸರಿಯಾಗಿಯೇ ಇತ್ತು! ಕಸಿದ ಮೇಲೆ ಉಸಿರು ಬಿಗಿಹಿಡಿದು ನಾಲ್ಕು ಪಾಸು ಮಾಡಲು ಬರಲಿಲ್ಲ, ಅದು ರೋಗ. ಮದ್ದು ಬೇರೆಯೇ ಆಗಬೇಕು. ಅಂಕಿಗಳ ನಿಜವಾದ ಉಪಯೋಗ ನನ್ನ ಮಟ್ಟಿಗೆ ಇಲ್ಲಿದೆ. ಹೊಗಳಲು, ತೆಗಳಲು ಅವು ಅಷ್ಟಾಗಿ ಬೇಕಿಲ್ಲ. ಬರುವ ಭಾನುವಾರ ಬೆಳಿಗ್ಗೆ ಯಾವ ಅಭ್ಯಾಸ ಮಾಡಿಸಬೇಕು ಅಂತ ಹೇಳಿದರೆ ಸಾಕು.

ಗಾಳಿಯನ್ನು ಮರೆತರೆ ಮಾತ್ರ ಈ ಲೆಕ್ಕವೆಲ್ಲ ನೀರುಪಾಲು. ಪ್ರತಿ ಗೋಲಿನ ನಂತರ ತಂಡಗಳು ದಿಕ್ಕು ಬದಲಿಸುತ್ತವೆ. ಸಮುದ್ರದ ಗಾಳಿ ಜೋರಾಗಿ ಬೀಸುವಾಗ ಗಾಳಿಯ ಜೊತೆ ಗೋಲು ಹೊಡೆದ ತಂಡ ತಟ್ಟೆ ಒಪ್ಪಿಸಿದರೆ, ಈಗ ಗಾಳಿಯ ಜೊತೆ ಹೋಗುವ ಭಾಗ್ಯ ಎದುರಾಳಿಯದು. ಹೀಗೆ ಇಬ್ಬರೂ ಗಾಳಿಯ ಜೊತೆಯಲ್ಲೇ ಗೋಲು ಬದಲಾಯಿಸಿಕೊಳ್ಳುತ್ತ ಹೋಗುತ್ತಾರೆ. ಗಾಳಿಗೆ ಎದುರಾಗಿ ಯಾರು ಒಂದು ಗೋಲು ಕದಿಯುತ್ತಾರೋ ಪಂದ್ಯ ಅವರ ಕಡೆ ವಾಲುತ್ತದೆ. ಅಂಥ ದಿನದ ಒಂದು ಬ್ರೇಕ್, ಗಾಳಿಯಿಲ್ಲದ ದಿನದ ಬ್ರೇಕಿಗೆ ಸಮ ಅಲ್ಲವೇ ಅಲ್ಲ. ಆದ್ದರಿಂದ ಪುಸ್ತಕದ ಪ್ರತಿ ಪುಟದ ಮೇಲೆ ಮೊದಲು ಒಂದು ಬಾಣದ ಗುರುತು ಹಾಕಿ ಗಾಳಿಯ ದಿಕ್ಕು ತೋರಿಸಿ. ಇದಕ್ಕೆ ತಗಲುವುದು ಎರಡು ಸೆಕೆಂಡು.

ಇನ್ನು ಒಬ್ಬೊಬ್ಬರ ಲೆಕ್ಕ. ಅಮೆರಿಕದಲ್ಲಿ ಈ ಆಟಕ್ಕೆ ಒಂದು ವೃತ್ತಿಪರ ಲೀಗ್ ಇದೆ. 2012ರಲ್ಲಿ ಶುರುವಾಯಿತು, 2024ರಿಂದ ಅದರ ಹೆಸರು ಅಲ್ಟಿಮೇಟ್ ಫ್ರಿಸ್ಬಿ ಅಸೋಸಿಯೇಷನ್. ಅಲ್ಲಿ ರೆಫರಿಗಳೂ ಇದ್ದಾರೆ. ಪ್ರತಿ ಆಟಗಾರನ ಗೋಲು, ಗೋಲಿಗೆ ಮುಂಚಿನ ಕೊನೆಯ ಪಾಸು ಅಂದರೆ 'ಅಸಿಸ್ಟ್', ಎದುರಾಳಿಯ ಎಸೆತ ಕೆಡವಿದ 'ಬ್ಲಾಕ್', ಕೈತಪ್ಪಿದ ಎಸೆತ, ಜಾರಿದ ಹಿಡಿತ, ಎಸೆತ ಎಷ್ಟು ಗಜ ಸಾಗಿತು ಎಂಬುದನ್ನೆಲ್ಲ ದಾಖಲಿಸುತ್ತಾರೆ. ಇವನ್ನು ಕೂಡಿ ಕಳೆದು 'ಪ್ಲಸ್–ಮೈನಸ್' ಎಂಬ ಒಂದೇ ಅಂಕಿ ಮಾಡುವ ರೂಢಿಯಿದೆ. ಗೋಲು, ಅಸಿಸ್ಟ್, ಬ್ಲಾಕ್ ಮೂರಕ್ಕೂ ಒಂದೊಂದು ಪ್ಲಸ್. ತಟ್ಟೆ ಕಳೆದುಕೊಂಡದ್ದಕ್ಕೆಲ್ಲ ಒಂದೊಂದು ಮೈನಸ್. ಸುಲಭವಾಗಿದೆ, ಬೇಗ ಅರ್ಥವಾಗುತ್ತದೆ. ಮೋಸ ಮಾಡುವುದೂ ಬೇಗ.

ತಂಡದಲ್ಲಿ ಎರಡು ಬಗೆಯ ಕೆಲಸ ಇರುತ್ತದೆ. ಹಿಂದೆ ನಿಂತು ತಟ್ಟೆ ಸಾಗಿಸುವವರು 'ಹ್ಯಾಂಡ್ಲರ್', ಮುಂದೆ ಓಡಿ ಜಾಗ ಮಾಡಿಕೊಂಡು ಹಿಡಿಯುವವರು 'ಕಟರ್'. ಒಬ್ಬ ಹ್ಯಾಂಡ್ಲರ್ ಒಂದು ಪಂದ್ಯದಲ್ಲಿ 60 ಸಲ ಎಸೆದು ಮೂರು ಸಲ ತಪ್ಪಿದ. ಒಬ್ಬ ಕಟರ್ ಆರು ಸಲ ಎಸೆದು ಒಮ್ಮೆ ತಪ್ಪಿದ ಎಂದುಕೊಳ್ಳಿ. ಮೈನಸ್ ಎಣಿಸಿದರೆ ಹ್ಯಾಂಡ್ಲರ್‌ಗೆ ಮೂರು, ಕಟರ್‌ಗೆ ಒಂದು. ಶೇಕಡಾ ಲೆಕ್ಕದಲ್ಲಿ ನೋಡಿದರೆ ಹ್ಯಾಂಡ್ಲರ್ 95, ಕಟರ್ 83! ಹಾಗಂತ ಶೇಕಡಾವಾರನ್ನೇ ನಂಬಿ ಕೂರುವಂತೆಯೂ ಇಲ್ಲ. ಪಕ್ಕದಲ್ಲಿ ಬಿಡುವಾಗಿ ನಿಂತವನಿಗೆ ಹಿಂದಕ್ಕೆ ತಳ್ಳುವ ಪಾಸು ಯಾರಿಗಾದರೂ ಬರುತ್ತದೆ. ಬರೀ ಅದನ್ನೇ ಮಾಡುವವನ ಶೇಕಡಾ 99 ಇದ್ದೀತು, ತಂಡ ಮಾತ್ರ ಒಂದಿಂಚೂ ಮುಂದೆ ಹೋಗದು. ಎಣಿಕೆ ಎಂಟು ಒಂಬತ್ತು ಆಗುವ ತನಕ ತಟ್ಟೆ ಹಿಡಿದುಕೊಂಡು, ಕೊನೇ ಗಳಿಗೆಯಲ್ಲಿ ಪಕ್ಕದವನ ಕೈಗೆ ಕೆಂಡದಂತೆ ದಾಟಿಸುವವರೂ ಇದ್ದಾರೆ. ಅವರ ಪಾಸು ಸರಿ ಎಂದು ದಾಖಲಾಗುತ್ತದೆ, ತಪ್ಪು ಮುಂದಿನವನ ತಲೆಗೆ ಬರುತ್ತದೆ. ಇಂಥವರು ಆಫೀಸಿನಲ್ಲೂ ಇರುತ್ತಾರೆ, ನಿಮಗೆ ಗೊತ್ತೇ ಇದೆ.

ಅತಿ ಕಷ್ಟವಾದದ್ದು ರಕ್ಷಣೆಯ ಲೆಕ್ಕ. ಎದುರಾಳಿಯ ಅತ್ಯುತ್ತಮ ಆಟಗಾರನನ್ನು ನೆರಳಿನಂತೆ ಹಿಂಬಾಲಿಸಿ, ಅವನಿಗೆ ಯಾರೂ ತಟ್ಟೆ ಎಸೆಯುವುದಕ್ಕೇ ಆಗದ ಹಾಗೆ ಮಾಡಿದವನ ಹೆಸರಿನ ಮುಂದೆ ಪುಸ್ತಕದಲ್ಲಿ ಏನಿರುತ್ತದೆ? ಸೊನ್ನೆ. ತನ್ನ ಎದುರಾಳಿಯನ್ನು ಸಡಿಲ ಬಿಟ್ಟು, ಅವನಿಗೆ ಎಸೆತ ಬರುವಂತೆ ಮಾಡಿ, ಓಡಿ ಬಂದು ಹಾರಿ ಕೆಡವಿದವನಿಗೆ ಒಂದು ಬ್ಲಾಕ್, ಜೊತೆಗೆ ಚಪ್ಪಾಳೆ.

ನಮ್ಮವರ ಒಂದು ಉದಾಹರಣೆ ಕೊಟ್ಟರೆ ಇದು ಚೆನ್ನಾಗಿ ತಿಳಿದೀತು. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಶಾ ಕೋಟ್ಲಾ. ಪಾಕಿಸ್ತಾನದ ಎರಡನೇ ಇನಿಂಗ್ಸಿನಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತು ವಿಕೆಟ್. ದೆಹಲಿಯ ನಮ್ಮ ಕೇಳುಗರಲ್ಲಿ ಅಂದು ಸ್ಟೇಡಿಯಂನಲ್ಲೇ ಇದ್ದವರೂ ಇರಬಹುದು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದ ಜಾವಗಲ್ ಶ್ರೀನಾಥ್, ಹತ್ತನೆಯದು ತನಗೆ ಬಿದ್ದುಬಿಡಬಾರದೆಂದು ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು. ಸ್ಕೋರ್ ಕಾರ್ಡಿನಲ್ಲಿ ಆ ಇನಿಂಗ್ಸಿಗೆ ಶ್ರೀನಾಥರ ವಿಕೆಟ್ ಸೊನ್ನೆ. ಆ ಸೊನ್ನೆಯ ಬೆಲೆ ನಮಗೆ ಗೊತ್ತಿರುವುದು ನಾವು ಆಟ ನೋಡಿದ್ದರಿಂದ, ಕಾಮೆಂಟರಿ ಕೇಳಿದ್ದರಿಂದ. ಕಾರ್ಡ್ ಮಾತ್ರ ಓದಿದವನಿಗೆ ಅದು ಬರೀ ಸೊನ್ನೆ.

ಅಲ್ಟಿಮೇಟಿನಲ್ಲಿ ಇಂಥ ಸೊನ್ನೆಗಳಿಗೆ ಬಾಯಿ ಬರಿಸುವ ಒಂದು ಉಪಾಯವಿದೆ. ಆಟಗಾರ ಏನು ಮಾಡಿದ ಎನ್ನುವುದನ್ನು ಪಕ್ಕಕ್ಕಿಟ್ಟು, ಆತ ಮೈದಾನದಲ್ಲಿದ್ದಾಗ ತಂಡಕ್ಕೆ ಏನಾಯಿತು ಎಂದು ಬರೆಯುವುದು. ಆತ ಆಡಿದ ರಕ್ಷಣೆಯ ಸರದಿಗಳಲ್ಲಿ ಎಷ್ಟು ಬ್ರೇಕ್ ಬಂತು, ಆತ ಹೊರಗಿದ್ದಾಗ ಎಷ್ಟು? ಹತ್ತಾರು ಪಂದ್ಯ ಹೀಗೆ ಬರೆದರೆ ಕೆಲವು ಹೆಸರುಗಳು ತಾವಾಗಿ ಮೇಲೆ ತೇಲುತ್ತವೆ. 'ಹತ್ತಾರು' ಎಂದದ್ದನ್ನು ಗಮನಿಸಿ. ಒಂದು ಟೂರ್ನಿಯಲ್ಲಿ ಹತ್ತು ಸಲ ಎಸೆದವನ ಶೇಕಡಾ 80, ಇನ್ನೊಬ್ಬನದು 90 ಅಂದರೆ, ಇಬ್ಬರ ನಡುವೆ ಇರುವುದು ಒಂದೇ ಒಂದು ತಟ್ಟೆ. ಅದೂ ಗಾಳಿ ಕೊಂಡೊಯ್ದದ್ದೋ ಏನೋ. ಆ ಒಂದು ತಟ್ಟೆಯ ಮೇಲೆ ಒಬ್ಬನನ್ನು ತಂಡದಿಂದ ಕೈಬಿಡುವುದು ನ್ಯಾಯವೇ?

ಇಷ್ಟು ಹೊತ್ತು ಹೇಳಿದ್ದಕ್ಕಿಂತ ಮುಖ್ಯವಾದ ಒಂದು ಎಣಿಕೆ ಇದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಗಂಡು–ಹೆಣ್ಣು ಕೂಡಿ ಆಡುವ 'ಮಿಕ್ಸೆಡ್' ಪಂದ್ಯ. ಏಳರಲ್ಲಿ ನಾಲ್ವರು ಒಂದು ಕಡೆಯವರು, ಮೂವರು ಇನ್ನೊಂದು ಕಡೆಯವರು. ಈ ಆಟ ಹೊಗಳಿಸಿಕೊಳ್ಳುವುದೇ ಇದಕ್ಕಾಗಿ. ಆದರೆ ಮೂವರು ಹುಡುಗಿಯರು ಮೈದಾನದಲ್ಲಿ ನಿಂತಿದ್ದಾರೆ ಎಂದ ಮಾತ್ರಕ್ಕೆ ಅವರು ಆಡುತ್ತಿದ್ದಾರೆ ಅಂತ ಅರ್ಥವೇ? ತಟ್ಟೆ ಯಾರ ಕೈಗೆ ಎಷ್ಟು ಸಲ ಬಂತು ಎಂದು ಎಣಿಸಿ ನೋಡಿ. ಸಮಪಾಲು ಆದರೆ ಏಳರಲ್ಲಿ ಮೂವರಿಗೆ ನೂರಕ್ಕೆ 43ರಷ್ಟು ಬರಬೇಕು. ನಿಮ್ಮ ತಂಡದಲ್ಲಿ ಅದು 20 ಅಂತ ಬಂದರೆ, ಏಳು ಮಂದಿ ಆಡುವ ಆಟವನ್ನು ನೀವು ನಾಲ್ಕು ಮಂದಿ ಆಡುತ್ತಿದ್ದೀರಿ ಎಂದಾಯಿತು. ಎಲ್ಲರಿಗೂ ಕಟ್ಟುನಿಟ್ಟಾಗಿ 43 ಬರಲೇಬೇಕು ಎಂದಲ್ಲ. ಕೆಲಸ ಹಂಚಿಕೆಯಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಅರ್ಧಕ್ಕರ್ಧ ವ್ಯತ್ಯಾಸವಿದ್ದರೆ ಮಾತ್ರ ಅದನ್ನು ಕೆಲಸ ಹಂಚಿಕೆ ಎನ್ನಲು ಬರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಗುರುತು ಹಾಕಿಕೊಳ್ಳಿ. ಆಟಗಾರ್ತಿ ಬಿಡುವಾಗಿದ್ದಳು, ಎಸೆಯುವವನು ಅವಳ ಕಡೆ ನೋಡಿದ, ಎಸೆಯಲಿಲ್ಲ. ಇದಕ್ಕೆ ಯಾವ ಸ್ಕೋರ್ ಕಾರ್ಡಿನಲ್ಲೂ ಜಾಗವಿಲ್ಲ, ನಿಮ್ಮ ಪುಸ್ತಕದಲ್ಲಿ ಇರಲಿ. 'ಅವಳು ಓಡುತ್ತಾಳೆ ನಿಜ, ಆದರೆ ಕೊಡುಗೆ ಏನಿದೆ?' ಎಂದು ಆಯ್ಕೆಯ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ. ಪುಸ್ತಕ ತೆರೆದು ತೋರಿಸಿ: 30 ಸರದಿ ಆಡಿದ್ದಾಳೆ, 22 ಸಲ ಬಿಡುವಾಗಿ ನಿಂತಿದ್ದಾಳೆ, ತಟ್ಟೆ ಬಂದದ್ದು ಒಂಬತ್ತೇ ಸಲ, ಒಂಬತ್ತನ್ನೂ ಹಿಡಿದಿದ್ದಾಳೆ. ಈಗ ಪ್ರಶ್ನೆ ಯಾರ ಕಡೆ ತಿರುಗಿತು? ಬಾಯಿಮಾತಿನಲ್ಲಿ ಇದನ್ನೇ ಹೇಳಿದರೆ ಜಗಳವಾಗುತ್ತದೆ, ಮುನಿಸಾಗುತ್ತದೆ, 'ಅವಳಿಗೆ ಎಲ್ಲದರಲ್ಲೂ ದೂರು' ಎಂಬ ಮಾತು ಬರುತ್ತದೆ. ಅಂಕಿ ಮುಂದಿಟ್ಟರೆ ತಲೆ ತಗ್ಗಿಸಿ ಓದುತ್ತಾರೆ. ನಾಚಿಕೆ ಸ್ವಭಾವದ ಹೊಸ ಹುಡುಗನಿಗೂ ಇದೇ ಲೆಕ್ಕ ಸಲ್ಲುತ್ತದೆ. ಯಾರೂ ಎಸೆಯದವನು ಹಿಡಿಯುವುದನ್ನು ಕಲಿಯುವುದಾದರೂ ಎಲ್ಲಿ?

ಅಡ್ಡ ಪರಿಣಾಮಗಳ ಬಗ್ಗೆಯೂ ಎಚ್ಚರವಿರಲಿ. ಅಂಕಿಗಳನ್ನು ಎಲ್ಲರೆದುರು ಗೋಡೆಗೆ ಅಂಟಿಸಿದ ದಿನದಿಂದ ಹುಡುಗರು ಅಂಕಿಗಾಗಿ ಆಡತೊಡಗುತ್ತಾರೆ. ತನ್ನ ಎದುರಾಳಿಯನ್ನು ಬಿಟ್ಟು ಬ್ಲಾಕ್ ಬೇಟೆಗೆ ಓಡುವುದು, ಶೇಕಡಾ ಕೆಡುತ್ತದೆಂದು ದೂರದ ಎಸೆತವನ್ನೇ ಬಿಡುವುದು, ಹೀಗೆ. ಶಾಲಾ ಮಕ್ಕಳ ತಂಡವಾದರಂತೂ ಒಬ್ಬೊಬ್ಬರ ಅಂಕಿ ಕೋಚಿನ ಪುಸ್ತಕದಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಶಾಲೆಯ ಮಾರ್ಕ್ಸ್ ಕಾರ್ಡಿನ ಕಾಟವೇ ಸಾಕಷ್ಟಿದೆ. ತಂಡದ ಹೋಲ್ಡ್–ಬ್ರೇಕ್ ಮಾತ್ರ ಧಾರಾಳವಾಗಿ ಗೋಡೆಗೆ ಬರಲಿ.

ಅಂದ ಹಾಗೆ, ಬೇರೆ ಆಟಗಳಲ್ಲಿ ಸುಲಭಕ್ಕೆ ಕಾಣಸಿಗದ ಒಂದು ಅಂಕಿ ಈ ಆಟದಲ್ಲಿದೆ. ಪಂದ್ಯ ಮುಗಿದ ಮೇಲೆ ಎದುರಾಳಿ ತಂಡವೇ ನಿಮಗೆ ನಡತೆಯ ಅಂಕ ಕೊಡುತ್ತದೆ! 'ಸ್ಪಿರಿಟ್' ಸ್ಕೋರ್ ಎಂದು ಇದರ ಹೆಸರು. ನಿಯಮ ಎಷ್ಟು ಗೊತ್ತಿತ್ತು, ಮೈಮೇಲೆ ಬಿದ್ದಿರಾ, ನ್ಯಾಯವಾಗಿ ನಡೆದಿರಾ, ಮನಸ್ಸು ಹತೋಟಿಯಲ್ಲಿತ್ತೇ, ಮಾತುಕತೆ ಸರಿಯಿತ್ತೇ ಎಂದು ಐದು ಅಂಶ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು. ಎರಡು ಎಂದರೆ 'ಸರಿಯಾಗಿತ್ತು' ಎಂದೇ ಅರ್ಥ, ಆದ್ದರಿಂದ ಒಟ್ಟು ಹತ್ತು ಬಂದರೆ ಬೇಸರ ಬೇಡ. ಒಳ್ಳೆಯ ಕ್ಯಾಪ್ಟನ್ ಇದನ್ನೂ ಪಂದ್ಯದಿಂದ ಪಂದ್ಯಕ್ಕೆ ಬರೆದಿಟ್ಟುಕೊಳ್ಳುತ್ತಾನೆ. ಗೆದ್ದ ಪಂದ್ಯಗಳಲ್ಲಿ ಹನ್ನೆರಡು, ಸೋತವುಗಳಲ್ಲಿ ಏಳು ಅಂತ ಕಂಡುಬಂದರೆ, ತಂಡದ ಒಳಗಿನ ವಿಷಯವೊಂದು ತಿಳಿದ ಹಾಗಾಯಿತು.

ಕೊನೆಗೆ, ಬರೆಯುವುದು ಹೇಗೆ? ದುಬಾರಿ ಸಾಫ್ಟ್‌ವೇರ್ ಬೇಡ. ಇಬ್ಬರು ಕೂರಬೇಕು. ಒಬ್ಬರು ಕಣ್ಣು ತೆಗೆಯದೆ ನೋಡುತ್ತ ಕಾಮೆಂಟರಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ರೇಡಿಯೋ ಕೇಳಿ ಬೆಳೆದ ನಮಗೆ ಇದನ್ನು ಹೇಳಿಕೊಡಬೇಕೇ! ಒಬ್ಬರೇ ಇದ್ದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಮನೆಗೆ ಹೋಗಿ ಬರೆಯಬಹುದು. ಪ್ರತಿ ಸರದಿಗೆ ಒಂದು ಸಾಲು. ಮೊದಲು ಗಾಳಿಯ ಬಾಣ, ಆಮೇಲೆ ತಟ್ಟೆ ಯಾರ ಕೈಯಲ್ಲಿ ಶುರುವಾಯಿತು ಎಂಬುದು, ಆಮೇಲೆ ಆಡುತ್ತಿರುವ ಏಳು ಹೆಸರು, ಕೊನೆಗೆ ತಟ್ಟೆ ಸಾಗಿದ ದಾರಿ ಮೊದಲಕ್ಷರಗಳಲ್ಲಿ: ರ–ಸು–ಮ–ರ–ಗೀ, ಗೋಲು. ಇಷ್ಟಿದ್ದರೆ ಯಾರ ಕೈಗೆ ಎಷ್ಟು ಸಲ ಬಂತು, ಕೊನೆಯ ಪಾಸು ಯಾರದು, ಅದರ ಹಿಂದಿನದು ಯಾರದು, ಎಲ್ಲವನ್ನೂ ರಾತ್ರಿ ಊಟದ ಮೇಲೆ ನಿಧಾನವಾಗಿ ಎಣಿಸಿಕೊಳ್ಳಬಹುದು. ತಟ್ಟೆ ಬಿದ್ದರೆ ತಪ್ಪು ಎಸೆದವರದೋ ಹಿಡಿಯಬೇಕಾದವರದೋ ಎಂಬ ತಕರಾರು ಬಂದೇ ಬರುತ್ತದೆ. ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಎರಡೂ ಕೈಗೆ ತಗುಲಿ ಬಿದ್ದರೆ ಹಿಡಿಯಬೇಕಾದವರದು, ಇಲ್ಲವಾದರೆ ಎಸೆದವರದು, ಈ ಥರ ಒಂದು ಸರಳ ಕಟ್ಟಳೆ ಸಾಕು. ಪಂದ್ಯದ ನಡುವೆ ಫೌಲಿನ ವಾದ ಎದ್ದಾಗ 'ನಮ್ಮ ಪುಸ್ತಕದಲ್ಲಿ ಹೀಗಿದೆ' ಎಂದು ಎದ್ದು ಹೋಗಬೇಡಿ. ಅದು ಮೈದಾನದ ಒಳಗಿರುವವರ ಮಾತು. ಬರೆಯುವವರು ಒಂದು ಛತ್ರಿ, ಒಂದು ನೀರಿನ ಬಾಟಲಿ, ಒಂದರ ಬದಲು ಎರಡು ಪೆನ್ನು ಒಯ್ಯುವುದನ್ನು ಮರೆಯಬೇಡಿ. ಮರಳಿನ ಮೇಲೆ ಬಿದ್ದ ಪೆನ್ನು ಮತ್ತೆ ಸಿಕ್ಕರೂ ಬರೆಯುವುದಿಲ್ಲ.